ಮುಚ್ಚುವ ಮೊದಲು ಹುಡುಕೋಣ: ಇಜಿಆರ್ ವಾಲ್ವ್ ಬಗ್ಗೆ ನಮ್ಮದೊಂದು ತಕರಾರು

ಹಳೇ ಡೀಸೆಲ್ ಕಾರು ಇಟ್ಟುಕೊಂಡಿರೋರನ್ನ ಕೇಳಿ ನೋಡಿ. "ಪಿಕಪ್ ಇಲ್ಲ, ಐಡ್ಲಿಂಗ್‌ನಲ್ಲಿ ನಡುಗುತ್ತೆ, ಚೆಕ್ ಇಂಜಿನ್ ಲೈಟ್ ಆರೋದೇ ಇಲ್ಲ" ಅಂತ ಗ್ಯಾರೇಜಿಗೆ ಹೋದರೆ ಒಂದಲ್ಲ ಒಂದು ಕಡೆ ಈ ಸಲಹೆ ಸಿಕ್ಕಿರುತ್ತೆ: "ಇಜಿಆರ್ ಬ್ಲಾಂಕ್ ಮಾಡಿಸಿಬಿಡಿ ಸರ್, ಗಾಡಿ ಹಗುರ ಆಗುತ್ತೆ." ಕೆಲಸ ಅಂದರೆ ಇಷ್ಟೇ. ಒಂದು ತೆಳು ಉಕ್ಕಿನ ತಗಡು, ಎರಡು ಬೋಲ್ಟು. ವಾಲ್ವ್‌ಗೆ ಹೋಗುವ ದಾರಿಗೆ ಅಡ್ಡ ಇಟ್ಟು ಬಿಗಿದರೆ ಮುಗೀತು.

ಗ್ಯಾರೇಜಿನವರು ಈ ಮಾತು ಹೇಳಿದರೆ ನಮಗೆ ಆಶ್ಚರ್ಯ ಇಲ್ಲ. ಬೇಜಾರಾಗೋದು ಅದೇ ಮಾತನ್ನ ನಮ್ಮ ಕ್ಯಾಂಪಸ್ಸಿನಲ್ಲಿ, ಥರ್ಮೋಡೈನಮಿಕ್ಸ್ ಪಾಸ್ ಮಾಡಿದವರ ಬಾಯಲ್ಲಿ ಕೇಳಿದಾಗ. ಆಟೋ ಸೈಕಲ್, ಡೀಸೆಲ್ ಸೈಕಲ್‌ನ ಪಿ-ವಿ ಡಯಾಗ್ರಾಂ ನಿದ್ದೆಗಣ್ಣಲ್ಲೂ ಬರೆಯುವ ನಮ್ಮವರು "ಅದೊಂದು ವೇಸ್ಟ್ ವಾಲ್ವ್ ಮಗಾ, ಸರ್ಕಾರದ ರೂಲ್ಸ್‌ಗೋಸ್ಕರ ಇಟ್ಟಿರೋದು" ಅಂತಾರೆ. ಆ ವಾಲ್ವ್ ಬಾನೆಟ್ ಕೆಳಗೆ ಎಲ್ಲಿದೆ, ಬೆರಳಿಟ್ಟು ತೋರಿಸಪ್ಪಾ ಅಂದರೆ ಮಾತು ಬೇರೆ ಕಡೆ ಹೊರಳುತ್ತೆ.

ನಮ್ಮ ವಾದ ಇಷ್ಟು: ಹುಡುಕಿ ನೋಡದೆ, ಅಳೆಯದೆ ಒಂದು ಭಾಗದ ಬಾಯಿ ಮುಚ್ಚಿಸೋದು ರಿಪೇರಿ ಅಲ್ಲ. ಅದನ್ನ ಬೇರೆ ಯಾರಾದರೂ ಮಾಡಬಹುದು. ಇಂಜಿನಿಯರಿಂಗ್ ಓದೋ ನಾವು ಮಾಡಬಾರದು, ಬೇರೆಯವರಿಗೆ ಮಾಡು ಅಂತ ಹೇಳಲೂಬಾರದು.

ಆ ವಾಲ್ವ್ ಅಲ್ಲಿ ಯಾಕಿದೆ?

ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ಸಾಮಾನ್ಯ ಉಷ್ಣತೆಯಲ್ಲಿ ಅದು ಯಾರ ತಂಟೆಗೂ ಹೋಗಲ್ಲ. ಆದರೆ ಸಿಲಿಂಡರ್ ಒಳಗೆ ಉರಿಯುವ ಜ್ವಾಲೆಯ ಉಷ್ಣತೆ ಸುಮಾರು 1800 ಕೆಲ್ವಿನ್ ದಾಟಿತು ಅಂದರೆ ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ನೈಟ್ರಿಕ್ ಆಕ್ಸೈಡ್ ಆಗೋ ವೇಗ ಸರ್ರನೆ ಏರುತ್ತೆ. ಪುಸ್ತಕದಲ್ಲಿ ಇದನ್ನ ಜೆಲ್ಡೊವಿಚ್ ಮೆಕಾನಿಸಂ ಅಂತ ಓದಿರ್ತೀವಿ. ಒಟ್ಟಾರೆ ನಾಕ್ಸ್ ಅಂತ ಕರೆಯೋದು ಈ ಗುಂಪನ್ನೇ.

ಇದನ್ನ ತಡೆಯೋಕೆ ಇರುವ ಉಪಾಯ ಜಾಣತನದ್ದು. ಒಮ್ಮೆ ಉರಿದು ಹೊರಬಂದ ಹೊಗೆಯಲ್ಲಿ ಒಂದು ಪಾಲನ್ನ ತಣ್ಣಗೆ ಮಾಡಿ ಮತ್ತೆ ಒಳಕ್ಕೆ ಕಳಿಸೋದು. ಆ ಹೊಗೆಯಲ್ಲಿರೋ ಕಾರ್ಬನ್ ಡೈಆಕ್ಸೈಡ್, ನೀರಾವಿ ಮತ್ತೆ ಉರಿಯಲ್ಲ. ಬದಲಿಗೆ ಶಾಖ ಹೀರಿಕೊಳ್ಳುತ್ತವೆ. ತಾಜಾ ಆಕ್ಸಿಜನ್‌ನ ಪಾಲೂ ಕಡಿಮೆ ಆಗುತ್ತೆ. ಜ್ವಾಲೆಯ ಗರಿಷ್ಠ ಉಷ್ಣತೆ ಇಳಿಯುತ್ತೆ, ನಾಕ್ಸ್ ಇಳಿಯುತ್ತೆ. ಈ ಹೊಗೆಯ ದಾರಿಯಲ್ಲಿ ಕೂತ ನಲ್ಲಿಯೇ ಇಜಿಆರ್ ವಾಲ್ವ್.

ಈಗ "ಪಿಕಪ್" ಮಾತಿಗೆ ಬರೋಣ. ಚೆನ್ನಾಗಿರುವ ಇಂಜಿನ್‌ನಲ್ಲಿ ಇಸಿಯು ಈ ವಾಲ್ವ್ ತೆಗೆಯೋದು ಮುಖ್ಯವಾಗಿ ಐಡ್ಲಿಂಗ್‌ನಲ್ಲಿ ಮತ್ತು ಅರ್ಧಂಬರ್ಧ ಲೋಡ್‌ನಲ್ಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಓವರ್‌ಟೇಕ್ ಮಾಡುವಾಗ ವಾಲ್ವ್ ಮುಚ್ಚಿಯೇ ಇರುತ್ತೆ. ಅಂದಮೇಲೆ ತಗಡು ಹಾಕಿದ್ದರಿಂದ ಇಂಜಿನ್‌ನ ಗರಿಷ್ಠ ಶಕ್ತಿ ಎಲ್ಲಿಂದ ಜಾಸ್ತಿ ಆಗಬೇಕು? ಬ್ಲಾಂಕ್ ಮಾಡಿದ ಮೇಲೆ ಗಾಡಿ ಹಗುರ ಆಯ್ತು ಅನಿಸಿದರೆ, ಅದಕ್ಕೆ ಮೊದಲು ವಾಲ್ವ್ ಮಸಿ ಕಟ್ಟಿ ತೆರೆದೇ ಸಿಕ್ಕಿಹಾಕಿಕೊಂಡಿತ್ತು ಅಂತ ಅರ್ಥ. ಅದನ್ನ ಬಿಚ್ಚಿ ತೊಳೆದಿದ್ದರೂ ಅದೇ ಪಿಕಪ್ ಬರ್ತಿತ್ತು.

ಸರ್ಟಿಫಿಕೇಟ್ ಪಾಸ್ ಆದರೆ ಸಾಕಾ?

ಬ್ಲಾಂಕ್ ಪರ ವಾದಿಸೋರ ದೊಡ್ಡ ಅಸ್ತ್ರ ಒಂದಿದೆ: "ಎಮಿಷನ್ ಟೆಸ್ಟ್ ಪಾಸ್ ಆಗುತ್ತಲ್ಲ, ಇನ್ನೇನು?" ಈ ಮಾತಲ್ಲಿ ಸುಳ್ಳಿಲ್ಲ. ತೊಂದರೆ ಇರೋದೂ ಅಲ್ಲೇ.

ಪೆಟ್ರೋಲ್ ಬಂಕ್ ಪಕ್ಕದ ಎಮಿಷನ್ ಟೆಸ್ಟ್ ಸೆಂಟರ್‌ನಲ್ಲಿ ಪೆಟ್ರೋಲ್ ಗಾಡಿಗೆ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಳೀತಾರೆ. ಡೀಸೆಲ್ ಗಾಡಿಗೆ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ದಟ್ಟ ಇದೆ ಅಂತ ಬೆಳಕು ಹಾಯಿಸಿ ನೋಡ್ತಾರೆ. ನಾಕ್ಸ್ ಅಳೆಯೋದೇ ಇಲ್ಲ. ಇಜಿಆರ್ ಮುಚ್ಚಿದರೆ ಸಿಲಿಂಡರ್‌ಗೆ ಆಕ್ಸಿಜನ್ ಜಾಸ್ತಿ ಸಿಗೋದರಿಂದ ಮಸಿ ಕಡಿಮೆ ಆಗಬಹುದು, ಕಪ್ಪು ಹೊಗೆ ಇಳಿಯಬಹುದು. ಅಂದರೆ ಸರ್ಟಿಫಿಕೇಟ್‌ನಲ್ಲಿ ಅಂಕಿ ಮೊದಲಿಗಿಂತ ಚೆನ್ನಾಗಿ ಬರುತ್ತೆ, ಅದೇ ಹೊತ್ತಿಗೆ ಯಾರೂ ಅಳೆಯದ ನಾಕ್ಸ್ ಏರಿರುತ್ತೆ. ನೈಟ್ರಿಕ್ ಆಕ್ಸೈಡ್‌ಗೆ ಬಣ್ಣ ಇಲ್ಲ. ಸೈಲೆನ್ಸರ್ ಹಿಂದೆ ನಿಂತವರ ಕಣ್ಣಿಗೆ ಅದು ಕಾಣಲ್ಲ.

ಕಾಣದಿದ್ದರೂ ಕೆಲಸ ಮಾಡುತ್ತೆ. ಗಾಳಿಗೆ ಬಂದು ನೈಟ್ರೋಜನ್ ಡೈಆಕ್ಸೈಡ್ ಆಗಿ ಶ್ವಾಸನಾಳ ಕೆರಳಿಸುತ್ತೆ, ಬಿಸಿಲಿನಲ್ಲಿ ನೆಲಮಟ್ಟದ ಓಝೋನ್ ಹುಟ್ಟಿಸುತ್ತೆ, ಸೂಕ್ಷ್ಮ ನೈಟ್ರೇಟ್ ಕಣಗಳಾಗಿ ಎದೆಗೆ ಇಳಿಯುತ್ತೆ. ಏಸಿ ಹಾಕಿಕೊಂಡು ಕಾರಲ್ಲಿ ಕೂತವರಿಗಿಂತ ಹೆಚ್ಚಾಗಿ ಇದನ್ನ ಕುಡಿಯೋದು ಸಿಗ್ನಲ್‌ನಲ್ಲಿ ಪಕ್ಕ ನಿಂತ ಸ್ಕೂಟರಿನವರು, ಟ್ರಾಫಿಕ್ ಪೊಲೀಸರು, ಫುಟ್‌ಪಾತಿನಲ್ಲಿ ಹೂ ಮಾರುವವರು.

ಎಷ್ಟು ವ್ಯತ್ಯಾಸದ ಮಾತು ಇದು? ಬಿಎಸ್-4 ಡೀಸೆಲ್ ಕಾರಿಗೆ ನಾಕ್ಸ್ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂ ಇತ್ತು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಂದ ಬಿಎಸ್-6ರಲ್ಲಿ ಅದು 80ಕ್ಕೆ ಇಳೀತು. ಇದಕ್ಕಾಗಿ ಇಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಆ ಕೆಲಸದ ಒಂದು ದೊಡ್ಡ ಪಾಲನ್ನ ನಾವು ಒಂದು ತಗಡಿನಿಂದ ಅಳಿಸಿಹಾಕ್ತೀವಿ.

ಬಿಎಸ್-6 ಡೀಸೆಲ್‌ನಲ್ಲಿ ಕಥೆ ಅಲ್ಲಿಗೆ ಮುಗಿಯೋದೂ ಇಲ್ಲ. ಇಸಿಯು ಬರೀ ವಾಲ್ವ್ ನೋಡ್ತಿಲ್ಲ. ಒಳಗೆ ಬಂದ ಗಾಳಿ, ಹೊರಗೆ ಹೋದ ಹೊಗೆ ಎರಡರ ಲೆಕ್ಕವನ್ನೂ ಇಡುತ್ತೆ. ತಗಡು ಹಾಕಿದರೆ ಕೋಡ್ ಬರುತ್ತೆ, ಗಾಡಿ ಲಿಂಪ್ ಮೋಡ್‌ಗೆ ಹೋಗಬಹುದು. ಆಗ "ಕೋಡ್ ಆಫ್" ಮಾಡಿಸಬೇಕು, ಇಸಿಯು ಸಾಫ್ಟ್‌ವೇರ್ ತಿದ್ದಿಸಬೇಕು. ಪೆಟ್ರೋಲ್ ಕಾರಿನಲ್ಲೂ ಇದೇ ಜಾಡು: ಕ್ಯಾಟಲಿಟಿಕ್ ಕನ್ವರ್ಟರ್ ಬಿಚ್ಚಿಸಿ ಗುಜರಿಗೆ ಹಾಕ್ತಾರೆ, ಆಮೇಲೆ ಹಿಂದಿನ ಆಕ್ಸಿಜನ್ ಸೆನ್ಸರ್‌ಗೆ ಸ್ಪೇಸರ್ ಹಾಕಿ ಮೋಸ ಮಾಡ್ತಾರೆ. ಒಂದು ಸುಳ್ಳು ನಿಲ್ಲೋಕೆ ಇನ್ನೊಂದು ಸುಳ್ಳಿನ ಆಸರೆ ಬೇಕು. ಕೊನೆಗೆ ನಿಜವಾಗಿ ಏನಾದರೂ ಕೆಟ್ಟಾಗ ಹೇಳೋಕೆ ಒಂದು ಸೆನ್ಸರೂ ಉಳಿದಿರಲ್ಲ.

ಸೆನ್ಸರ್ ಸಾಕ್ಷಿ, ಆರೋಪಿ ಅಲ್ಲ

ಇದಕ್ಕೆ ಹೊಂದಿಕೊಂಡ ಇನ್ನೊಂದು ಕೆಟ್ಟ ಚಾಳಿ ಇದೆ. ಸ್ಕ್ಯಾನರ್ ಹಾಕೋದು, ಕೋಡ್ ಓದೋದು, ಕೋಡ್‌ನಲ್ಲಿ ಹೆಸರು ಬಂದ ಭಾಗವನ್ನ ಬದಲಾಯಿಸೋದು. ಇದನ್ನ ಡಯಾಗ್ನೋಸಿಸ್ ಅಂತ ಕರೆಯೋದು ತಪ್ಪು.

ಪಿ0171 ತಗೊಳ್ಳಿ. ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ಈ ಸುದ್ದಿ ತಂದವನು ಆಕ್ಸಿಜನ್ ಸೆನ್ಸರ್. ಕೂಡಲೇ ಅವನನ್ನೇ ಬದಲಾಯಿಸ್ತಾರೆ. ಆದರೆ ನಿಜವಾದ ಕಾರಣ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಇರಬಹುದು, ತೆರೆದೇ ನಿಂತ ಪಿಸಿವಿ ವಾಲ್ವ್ ಇರಬಹುದು, ಫ್ಯೂಯಲ್ ಪ್ರೆಶರ್ ಇಳಿದಿರಬಹುದು. ಕೆಲವು ನೂರು ರೂಪಾಯಿಯ ರಬ್ಬರ್ ಪೈಪಿನ ತಪ್ಪಿಗೆ ಸಾವಿರಾರು ರೂಪಾಯಿಯ ಸೆನ್ಸರ್ ಬಲಿ. ಸುದ್ದಿ ಹೇಳಿದವನನ್ನೇ ಜೈಲಿಗೆ ಹಾಕಿದ ಹಾಗೆ.

ಇಜಿಆರ್ ವಿಷಯದಲ್ಲಿ ಹೆಚ್ಚಾಗಿ ಬರೋ ಪಿ0401 ಕೂಡ ಹೀಗೇ. "ಇಜಿಆರ್ ಹರಿವು ಸಾಲದು" ಅಂತಷ್ಟೇ ಅದು ಹೇಳೋದು. ದಾರಿ ಮಸಿಯಿಂದ ಮುಚ್ಚಿರಬಹುದು, ವಾಲ್ವ್ ಅಂಟಿಕೊಂಡಿರಬಹುದು, ವೈರು ತುಂಡಾಗಿರಬಹುದು, ಹಳೇ ಮಾದರಿಯಲ್ಲಿ ವ್ಯಾಕ್ಯೂಮ್ ಪೈಪ್ ಸೋರ್ತಿರಬಹುದು, ಏರ್ ಫ್ಲೋ ಸೆನ್ಸರ್ ಧೂಳು ಹಿಡಿದು ತಪ್ಪು ಲೆಕ್ಕ ಕೊಡ್ತಿರಬಹುದು. ಯಾವುದು ಅಂತ ಗೊತ್ತು ಮಾಡಿಕೊಳ್ಳೋಕೆ ಒಂದು ಒಳ್ಳೇ ಪರೀಕ್ಷೆ ಇದೆ. ಸ್ಕ್ಯಾನರ್‌ನಿಂದ ವಾಲ್ವ್‌ಗೆ ತೆರೆಯೋ ಆಜ್ಞೆ ಕೊಟ್ಟು ಲೈವ್ ಡೇಟಾದಲ್ಲಿ ಎರಡು ಅಂಕಿ ನೋಡಿ: ವಾಲ್ವ್‌ನ ನಿಜವಾದ ಸ್ಥಾನ ಮತ್ತು ಏರ್ ಫ್ಲೋ. ಹೊಗೆ ಒಳಗೆ ಬಂದರೆ ತಾಜಾ ಗಾಳಿ ಕಡಿಮೆ ಆಗಲೇಬೇಕು. ವಾಲ್ವ್ ಸರಿದಿದೆ, ಗಾಳಿ ಇಳಿದಿಲ್ಲ ಅಂದರೆ ದಾರಿ ಕಟ್ಟಿರೋ ಅನುಮಾನ ಬಲವಾಗುತ್ತೆ. ವಾಲ್ವೇ ಸರಿದಿಲ್ಲ ಅಂದರೆ ಮೋಟಾರು, ವೈರು, ಕನೆಕ್ಟರ್ ನೋಡಿ. ಐದು ನಿಮಿಷದ ಕೆಲಸ ಇದು.

ಅಂಕಿ ಓದುವಾಗ ಊರೂ ನೆನಪಿರಲಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದರೆ ಮ್ಯಾಪ್ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್. ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಪುಸ್ತಕದ 101 ತಲೆಯಲ್ಲಿಟ್ಟುಕೊಂಡು ಬೆಂಗಳೂರಿನಲ್ಲಿ ನೋಡಿದವರು ಒಳ್ಳೇ ಸೆನ್ಸರನ್ನೇ ಕೆಟ್ಟಿದೆ ಅಂತಾರೆ. ಹಾಗೇ ಕೂಲಂಟ್ ಟೆಂಪರೇಚರ್ ಮೈನಸ್ 40 ಡಿಗ್ರಿ ಅಂತ ತೋರಿಸಿದರೆ ಇಂಜಿನ್ ಮಂಜುಗಡ್ಡೆ ಆಗಿದೆ ಅಂತಲ್ಲ. ಸಾಮಾನ್ಯವಾಗಿ ಆ ವೈರಿನ ಸರ್ಕ್ಯೂಟ್ ಎಲ್ಲೋ ಕಡಿದುಹೋಗಿದೆ ಅಂತ. ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ಸ್ ಸಾಕು ಇದಕ್ಕೆ.

ಬಾನೆಟ್ ತೆಗೆದರೆ ಎಲ್ಲಿ ಏನು?

ಸೆನ್ಸರ್ ಹುಡುಕೋಕೆ ಪ್ರತಿ ಕಾರಿನ ಚಿತ್ರ ಬಾಯಿಪಾಠ ಮಾಡಬೇಕಿಲ್ಲ. ಗಾಳಿ ಹೋಗೋ ದಾರಿ ಹಿಡಿದು ನಡೆದರೆ ಸಾಕು.

ಏರ್ ಫಿಲ್ಟರ್ ಡಬ್ಬಿಯಿಂದ ಶುರು ಮಾಡಿ. ಡೀಸೆಲ್ ಆದರೆ ಡಬ್ಬಿ ದಾಟಿದ ಕೂಡಲೇ ಪೈಪಿನ ಮೇಲೆ ಏರ್ ಫ್ಲೋ ಸೆನ್ಸರ್. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಾಗಿ ಇದರ ಬದಲು ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಮ್ಯಾಪ್ ಸೆನ್ಸರ್ ಇರುತ್ತೆ. ಮಧ್ಯೆ ಥ್ರಾಟಲ್ ಬಾಡಿ. ಪೆಟ್ರೋಲ್ ಕಾರಿನಲ್ಲಿ ಅದರ ಹತ್ತಿರವೇ ಒಂದು ಸಣ್ಣ ಪೈಪ್ ಬಂದು ಸೇರುವ ಪರ್ಜ್ ವಾಲ್ವ್. ಟ್ಯಾಂಕಿನ ಪೆಟ್ರೋಲ್ ಆವಿಯನ್ನ ಇದ್ದಿಲಿನ ಡಬ್ಬಿಯಿಂದ ಇಂಜಿನ್‌ಗೆ ಬಿಡೋದು ಅದರ ಕೆಲಸ. ಇಂಜಿನ್ ಓಡುವಾಗ ಟಿಕ್ ಟಿಕ್ ಅಂತ ಸದ್ದು ಮಾಡಿದರೆ ಗಾಬರಿ ಬೇಡ, ಅದು ಕೆಲಸ ಮಾಡ್ತಿದೆ ಅಷ್ಟೆ.

ಇಂಜಿನ್ ಮೈಮೇಲೆ ಬನ್ನಿ. ಥರ್ಮೋಸ್ಟಾಟ್ ಹತ್ತಿರ ಕೂಲಂಟ್ ಸೆನ್ಸರ್. ಸಿಲಿಂಡರ್ ಹೆಡ್ಡಿನ ತುದಿಯಲ್ಲಿ ಕ್ಯಾಮ್ ಸೆನ್ಸರ್. ಕೆಳಗೆ ಫ್ಲೈವೀಲ್ ಪಕ್ಕದಲ್ಲೋ ಮುಂದಿನ ಪುಲ್ಲಿ ಪಕ್ಕದಲ್ಲೋ ಕ್ರ್ಯಾಂಕ್ ಸೆನ್ಸರ್. ಪೆಟ್ರೋಲ್ ಇಂಜಿನ್ನಿನ ಬ್ಲಾಕಿಗೆ ಒಂದೇ ಬೋಲ್ಟಿನಿಂದ ಕೂತಿರೋದು ನಾಕ್ ಸೆನ್ಸರ್. ಇದನ್ನ ಕೈ ಬಂದಷ್ಟು ಬಿಗಿಯೋ ಹಾಗಿಲ್ಲ. ಮ್ಯಾನ್ಯುಯಲ್ ಹೇಳಿದ ಟಾರ್ಕ್, ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸು, ಅಷ್ಟೇ ಇರಬೇಕು. ಇಲ್ಲದಿದ್ದರೆ ಅದು ಕೇಳಿಸಿಕೊಳ್ಳೋ ಕಂಪನವೇ ಬದಲಾಗುತ್ತೆ.

ಆಮೇಲೆ ಹೊಗೆಯ ದಾರಿ. ಎಗ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ಇನ್‌ಟೇಕ್ ಕಡೆಗೆ ವಾಪಸ್ ಹೋಗೋ ಲೋಹದ ಪೈಪ್ ಕಂಡರೆ ಅದನ್ನ ಹಿಂಬಾಲಿಸಿ, ಆ ದಾರಿಯಲ್ಲೇ ಇಜಿಆರ್ ವಾಲ್ವ್ ಸಿಗುತ್ತೆ. ಡೀಸೆಲ್‌ನಲ್ಲಿ ಪಕ್ಕದಲ್ಲೇ ಅದರ ಕೂಲರ್ ಕೂಡ. ಪೆಟ್ರೋಲ್ ಕಾರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಮುಂಚೆ ಒಂದು, ಆದ ಮೇಲೆ ಒಂದು ಆಕ್ಸಿಜನ್ ಸೆನ್ಸರ್. ಸಾಮಾನ್ಯ ಜಿರ್ಕೋನಿಯಾ ಸೆನ್ಸರ್ ಆದರೆ ಮುಂದಿನದು 0.1 ಮತ್ತು 0.9 ವೋಲ್ಟಿನ ನಡುವೆ ಓಲಾಡ್ತಿರಬೇಕು, ಹಿಂದಿನದು ಹೆಚ್ಚುಕಮ್ಮಿ ಸ್ಥಿರವಾಗಿರಬೇಕು. ಹಿಂದಿನದೂ ಮುಂದಿನದರ ಹಾಗೇ ಕುಣಿಯೋಕೆ ಶುರು ಮಾಡಿದರೆ ಕನ್ವರ್ಟರ್ ಸೋತಿದೆ ಅಂತ ಲೆಕ್ಕ. ಪಿ0420 ಕೋಡ್ ಬರೋದು ಹೀಗೆ. ಡಿಪಿಎಫ್ ಇರೋ ಡೀಸೆಲ್‌ನಲ್ಲಿ ಎರಡು ಪೈಪ್ ಬಂದು ಸೇರುವ ಸಣ್ಣ ಡಿಫರೆನ್ಶಿಯಲ್ ಪ್ರೆಶರ್ ಸೆನ್ಸರ್ ಹುಡುಕಿ.

ಇದೆಲ್ಲದರ ಮಾತು ಕೇಳೋ ಕಿಟಕಿ, ಸ್ಟೀರಿಂಗ್ ಕೆಳಗಿರೋ 16 ಪಿನ್ನಿನ ಓಬಿಡಿ ಪೋರ್ಟ್. ಸಾಮಾನ್ಯ ಬ್ಲೂಟೂತ್ ಅಡಾಪ್ಟರ್, ಮೊಬೈಲಿನಲ್ಲಿ ಒಂದು ಆ್ಯಪ್ ಇದ್ದರೆ ಕೋಡ್ ಮತ್ತು ಲೈವ್ ಡೇಟಾ ಓದಬಹುದು. ವಾಲ್ವ್‌ಗೆ ಆಜ್ಞೆ ಕೊಡೋ ಪರೀಕ್ಷೆಗೆ ಮಾತ್ರ ಸ್ವಲ್ಪ ಒಳ್ಳೇ ಸ್ಕ್ಯಾನರ್ ಬೇಕಾಗಬಹುದು. ಎಚ್ಚರಿಕೆ ನಾಲ್ಕೇ: ಇಂಜಿನ್ ತಣ್ಣಗಾದ ಮೇಲೆ ಎಗ್ಸಾಸ್ಟ್ ಕಡೆ ಕೈ ಹಾಕಿ; ಕನೆಕ್ಟರ್ ಬಿಚ್ಚುವಾಗ ಕೀ ಆಫ್ ಇರಲಿ, ವೈರು ಹಿಡಿದು ಎಳೆಯಬೇಡಿ; ಟೆಸ್ಟ್ ಲ್ಯಾಂಪ್ ಬದಲು ಮಲ್ಟಿಮೀಟರ್ ಬಳಸಿ; ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ.

ಆದರೆ ಖರ್ಚು?

ಬ್ಲಾಂಕ್ ಮಾಡಿಸೋ ಎಲ್ಲರೂ ಕೆಟ್ಟವರಲ್ಲ. ಬಾಡಿಗೆಗೆ ಕಾರು ಓಡಿಸೋ ಅಣ್ಣಂದಿರಿಗೆ ಗಾಡಿ ಒಂದು ದಿನ ನಿಂತರೆ ಅವತ್ತಿನ ದುಡಿಮೆ ಹೋಯ್ತು. ಹೊಸ ವಾಲ್ವ್‌ಗೆ ಶೋರೂಮಿನಲ್ಲಿ ಹೇಳೋ ರೇಟು ಕೇಳಿದರೆ ಯಾರಿಗಾದರೂ ತಗಡೇ ವಾಸಿ ಅನಿಸುತ್ತೆ. ನಮ್ಮ ನಗರಗಳ ಆಮೆ ನಡಿಗೆಯ ಟ್ರಾಫಿಕ್ಕಿನಲ್ಲಿ ಹೊಗೆಯ ಮಸಿ ಮತ್ತು ಬ್ರೀದರ್‌ನಿಂದ ಬರೋ ಆಯಿಲ್ ಹನಿ ಸೇರಿ ವಾಲ್ವ್ ಒಳಗೆ ಟಾರಿನ ಹಾಗೆ ಗಟ್ಟಿಯಾಗಿ ಕಟ್ಟೋದೂ ನಿಜ. ಈ ಕಷ್ಟವನ್ನ ಒಪ್ಪಿಕೊಳ್ಳದೆ ಪರಿಸರದ ಭಾಷಣ ಮಾಡಿದರೆ ಯಾರೂ ಕೇಳಲ್ಲ, ಕೇಳಬೇಕಾಗೂ ಇಲ್ಲ.

ಆದರೆ ತಗಡು ಮತ್ತು ಹೊಸ ವಾಲ್ವ್ ಇವೆರಡೇ ದಾರಿ ಅಂತ ಹೇಳಿದವರು ಯಾರು? ಮಧ್ಯದಲ್ಲಿ ಮೂರನೇದಿದೆ: ಬಿಚ್ಚಿ ಸ್ವಚ್ಛ ಮಾಡೋದು. ಬ್ಯಾಟರಿಯ ನೆಗೆಟಿವ್ ತೆಗೆದು, ಕನೆಕ್ಟರ್ ಬಿಡಿಸಿ, ಬೋಲ್ಟು ಕಳಚಿ ವಾಲ್ವ್ ಹೊರಗೆ ತೆಗೀರಿ. ಕೂಲಂಟ್ ಪೈಪ್ ಸೇರಿದ್ದರೆ ಮೊದಲು ಕೂಲಂಟ್ ಇಳಿಸಿ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಮಸಿ ನೆನೆಸಿ, ಮೆತ್ತನೆ ಬ್ರಷ್‌ನಿಂದ ಉಜ್ಜಿ. ಮೋಟಾರಿರೋ ಕಡೆ ಸ್ಪ್ರೇ ಬೀಳದಂತೆ ಕೆಳಮುಖ ಹಿಡೀರಿ. ಸ್ಕ್ರೂಡ್ರೈವರ್ ಹಾಕಿ ಬಲವಂತವಾಗಿ ತಿರುಗಿಸಬೇಡಿ, ಒಳಗಿನ ಗೇರಿನ ಹಲ್ಲು ಮುರಿಯುತ್ತೆ. ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ, ಬೇಕಾದರೆ ಸ್ಕ್ಯಾನರ್‌ನಿಂದ ರೀಲರ್ನ್ ಮಾಡಿ. ಎಲ್ಲಾ ವಾಲ್ವ್ ಇದರಿಂದ ಬದುಕಲ್ಲ. ಮೋಟಾರೋ ಸೀಟೋ ಹೋಗಿದ್ದರೆ ಬದಲಾಯಿಸಲೇಬೇಕು. ಮಸಿಯಷ್ಟೇ ಕಾರಣ ಆಗಿದ್ದರೆ ಈ ಕೆಲಸಕ್ಕೆ ಹೊಸ ವಾಲ್ವಿನ ದುಡ್ಡಿನಲ್ಲಿ ಸಣ್ಣ ಪಾಲು ಸಾಕು.

ನಮ್ಮಿಂದ ಏನಾಗುತ್ತೆ?

"ನಾವು ಸ್ಟೂಡೆಂಟ್ಸ್, ನಮ್ಮಿಂದ ಏನಾಗುತ್ತೆ" ಅನ್ನೋರಿಗೆ ಒಂದು ನೆನಪು. 2015ರಲ್ಲಿ ಜಗತ್ತನ್ನೇ ಅಲ್ಲಾಡಿಸಿದ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ ಬಯಲಾಗೋಕೆ ದಾರಿ ಮಾಡಿಕೊಟ್ಟಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿಯ ಒಂದು ಸಣ್ಣ ತಂಡ. ಅದರಲ್ಲಿ ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಇದ್ದರು, ಆಗ ಅವರೂ ಅಲ್ಲಿ ವಿದ್ಯಾರ್ಥಿ. ಲ್ಯಾಬ್ ಟೆಸ್ಟಿನಲ್ಲಿ ಪಾಸಾಗಿದ್ದ ಕಾರುಗಳ ಡಿಕ್ಕಿಯಲ್ಲಿ ಅಳೆಯೋ ಯಂತ್ರ ಇಟ್ಟುಕೊಂಡು ಅವರು ರಸ್ತೆಯಲ್ಲಿ ಓಡಿಸಿದರು. ಒಂದು ಜೆಟ್ಟಾ ಕಾರು ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚು ನಾಕ್ಸ್ ಉಗುಳ್ತಿತ್ತು. ಟೆಸ್ಟಿನಲ್ಲಿ ಒಂದು ಮುಖ, ರಸ್ತೆಯಲ್ಲಿ ಇನ್ನೊಂದು ಮುಖ. ದೊಡ್ಡ ಕಂಪನಿ ಸಾಫ್ಟ್‌ವೇರಿನಿಂದ ಮಾಡಿದಾಗ ನಾವು ಅದನ್ನ ಹಗರಣ ಅಂದ್ವಿ. ಬೀದಿಯಲ್ಲಿ ತಗಡಿನಿಂದ ಮಾಡಿದರೆ ಟ್ಯೂನಿಂಗ್ ಅಂತೀವಿ.

ನಮ್ಮ ಬೇಡಿಕೆ ಎರಡು. ಒಂದು, ಡಿಪಾರ್ಟ್‌ಮೆಂಟಿಗೆ. ಲ್ಯಾಬಿನಲ್ಲಿ ಕೆಂಪು, ನೀಲಿ ಬಣ್ಣ ಬಳಿದ ಕಟ್-ಸೆಕ್ಷನ್ ಇಂಜಿನ್ ನೋಡಿ ಸಾಕಾಗಿದೆ. ಓಡುವ ಒಂದು ಹಳೇ ಕಾರು, ಒಂದು ಸ್ಕ್ಯಾನರ್, ನಾಲ್ಕು ಮಲ್ಟಿಮೀಟರ್ ಕೊಡಿ. ತಿಂಗಳಿಗೊಂದು ಶನಿವಾರ ಬೇಕಂತಲೇ ಒಂದು ತೊಂದರೆ ಇಟ್ಟು, ಹುಡುಕಿ ಅಂತ ಬಿಡಿ. ಕೋಡ್ ಓದಿದ್ದಕ್ಕೆ ಮಾರ್ಕ್ಸ್ ಬೇಡ, ಕಾರಣ ಸಾಬೀತು ಮಾಡಿದ್ದಕ್ಕೆ ಕೊಡಿ.

ಎರಡನೇದು ನಮಗೇ, ಅಂದರೆ ಈ ಕನ್ನಡ ಸಂಘಕ್ಕೆ. ಸರ್ವೀಸ್ ಮ್ಯಾನ್ಯುಯಲ್‌ಗಳು ಇಂಗ್ಲಿಷಿನಲ್ಲಿವೆ. ಹತ್ತಾರು ವರ್ಷ ಕೈ ಮಸಿ ಮಾಡಿಕೊಂಡು ಕಲಿತ ಮೆಕ್ಯಾನಿಕ್ ಅಣ್ಣನಿಗೆ ಬೋಲ್ಟು ನಮಗಿಂತ ಚೆನ್ನಾಗಿ ಗೊತ್ತು. ತಗಡು ಹಾಕಿದ ಮೇಲೆ ಸಿಲಿಂಡರ್ ಒಳಗೆ ಏನಾಗುತ್ತೆ ಅಂತ ಅವರ ಭಾಷೆಯಲ್ಲಿ ಯಾರೂ ಕೂತು ಹೇಳಿಲ್ಲ. ಒಂದೇ ಹಾಳೆಯ ಕನ್ನಡ ಚಾರ್ಟ್ ಮಾಡೋಣ: ಯಾವ ಸೆನ್ಸರ್ ಎಲ್ಲಿ, ಸರಿಯಿದ್ದರೆ ಯಾವ ಅಂಕಿ, ಕೋಡ್ ಬಂದರೆ ಮೊದಲು ಏನು ನೋಡಬೇಕು, ಇಜಿಆರ್ ತೊಳೆಯೋದು ಹೇಗೆ. ಗೊತ್ತಿರೋ ಗ್ಯಾರೇಜಿನವರಿಗೆ ಕರಡು ತೋರಿಸಿ, ಅವರು ಬಳಸೋ ಮಾತುಗಳನ್ನೇ ಹಾಕಿ, ಅವರು ತಿದ್ದಿದ್ದನ್ನ ಒಪ್ಪಿಕೊಂಡು ಪ್ರಿಂಟ್ ಹಾಕಿಸೋಣ. ಕಾಲೇಜಿನ ಸುತ್ತಮುತ್ತಲ ಗ್ಯಾರೇಜುಗಳ ಗೋಡೆಗೆ ಅಂಟಿಸೋಣ.

ಡ್ರಾಯಿಂಗ್ ಬರೋರು, ಕೋಡ್‌ಗಳ ಪಟ್ಟಿ ಮಾಡಬಲ್ಲವರು, ಮನೆಯಲ್ಲಿ ಹಳೇ ಡೀಸೆಲ್ ಗಾಡಿ ಇರೋರು ಈ ಸೆಮಿಸ್ಟರ್ ಮುಗಿಯೋದರೊಳಗೆ ಸಂಘದ ರೂಮಿಗೆ ಬನ್ನಿ. ಬರುವಾಗ ಒಂದು ಸಣ್ಣ ಟಾರ್ಚ್ ಇರಲಿ, ಕ್ರ್ಯಾಂಕ್ ಸೆನ್ಸರ್ ಇರೋ ಜಾಗ ತುಂಬಾ ಕತ್ತಲು.